ಇಂಗ್ಲೀಷು ಶಾಲೆಯೂ ನಮ್ಮ ಮಕ್ಕಳ ಜೀವನೋಪಾಯವೂ

ಶಾಲೆಗಳು ತೆರೆಯುವ ಕಾಲ ಬಂತೆಂದರೆ ಚೆನ್ನೈಯ ಕನ್ನಡಿಗರ ಹೋಟೆಲುಗಳಲ್ಲಿ ಮುಂಗಡ ಕೇಳುವವರ ಸಂಖ್ಯೆ ಹೆಚ್ಚುತ್ತದೆ. ಹಿಂದೆ ತಂಗಿಯ ಮದುವೆಗೆಂದೋ, ಊರ ಮನೆಯ ಮಾಡಿಗೆ ಹಂಚು ಹೊದಿಸಲೆಂದೋ, ತಂದೆಯ ಔಷಧಕ್ಕೆಂದೋ ಗಲ್ಲಾದ ಮುಂದೆ ಬಂದು ನಿಲ್ಲುತ್ತಿದ್ದ ಕೆಲಸಗಾರರು ಇಂದು ಮಗುವಿನ ಶಾಲೆಯ ಶುಲ್ಕಕ್ಕೆಂದು ಬಂದು ನಿಲ್ಲುತ್ತಾರೆ. ಗುಮಾಸ್ತೆಯ ಕೆಲಸದಲ್ಲಿರುವ ಬಂಧುಗಳ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಅವರು ಸಂಬಳದ ಮೇಲೆ ಸಾಲ ತೆಗೆಯುತ್ತಾರೆ, ಇಲ್ಲವೆ ಮಡದಿಯ ಬಳೆಯನ್ನು ಅಡವಿಡುತ್ತಾರೆ. ಯಾವ ಶಾಲೆಯೆಂದು ಕೇಳಿದರೆ ಎಲ್ಲರ ಉತ್ತರವೂ ಒಂದೇ: "ಇಂಗ್ಲೀಷು ಶಾಲೆ, ಸ್ವಾಮಿ. ನಮ್ಮ ಹಾಗೆ ಅವನೂ ತಟ್ಟೆ ಎತ್ತುವುದು ಬೇಡ."

ಈ ಮಾತಿನಲ್ಲಿರುವ ನೋವೂ ಆಸೆಯೂ ನಮಗೆ ತಿಳಿಯದವಲ್ಲ. ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ಅನೇಕ ವರ್ಷ ಗಲ್ಲಾದಲ್ಲಿ ಕುಳಿತವರು ನಾವು, ಎಸ್.ಎಸ್.ಎಲ್.ಸಿ.ಗೆ ನಮ್ಮ ಓದು ನಿಂತಿತು. ಆದುದರಿಂದ ಪಂಡಿತರ ಪೀಠದಿಂದ ಉಪದೇಶ ಮಾಡುವ ಅಧಿಕಾರ ನಮಗಿಲ್ಲ. ಆದರೆ ಕೆಲಸ ಕೇಳಿ ಬಂದವರನ್ನು ಕಂಡ ಅನುಭವವುಂಟು. ಬೆವರಿನ ಹಣ ಹೋಗುವ ದಾರಿಯನ್ನು ಲೆಕ್ಕ ಹಾಕಿ ನೋಡುವ ಅಭ್ಯಾಸವುಂಟು. ಆ ಬಲದಿಂದ ಒಂದು ಪ್ರಶ್ನೆಯನ್ನು ವಾಚಕರ ಮುಂದೆ ಇಡುತ್ತೇವೆ: ಇಷ್ಟು ಕಷ್ಟಪಟ್ಟು ಕೊಳ್ಳುವ ಈ ಇಂಗ್ಲೀಷು ಶಾಲೆಯ ವಿದ್ಯೆ ನಮ್ಮ ಮಕ್ಕಳನ್ನು ಕೆಲಸಕ್ಕೆ ಸಿದ್ಧಗೊಳಿಸುತ್ತಿದೆಯೆ?

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ಇಂಗ್ಲೀಷು ಬೇಡವೆಂದು ನಾವು ಹೇಳುವವರಲ್ಲ. ಹಾಗೆ ಹೇಳುವ ಮಹನೀಯರ ಸ್ವಂತ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆಂಬುದನ್ನು ನಮ್ಮ ವಾಚಕರು ಚೆನ್ನಾಗಿ ಬಲ್ಲರು. ಮನೆಯಲ್ಲಿ ತುಳುವೋ ಕನ್ನಡವೋ ಕೊಂಕಣಿಯೋ, ಬೀದಿಯಲ್ಲಿ ತಮಿಳು, ಕಚೇರಿಯಲ್ಲಿ ಇಂಗ್ಲೀಷು ಎಂಬುದೇ ಈ ನಗರದಲ್ಲಿ ನಮ್ಮ ಬಾಳಿನ ಕ್ರಮ. ಇಂಗ್ಲೀಷು ಬಲ್ಲವನಿಗೆ ಸಂಪಾದನೆ ಹೆಚ್ಚೆಂಬುದು ಬರಿಯ ನಂಬಿಕೆಯೂ ಅಲ್ಲ. ಮೆಹ್ತಾಬುಲ್ ಅಜಂ, ಏಮೀ ಚಿನ್, ನಿಶೀತ್ ಪ್ರಕಾಶ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2005ರ ಭಾರತ ಮಾನವಾಭಿವೃದ್ಧಿ ಸಮೀಕ್ಷೆಯ ಅಂಕಿಗಳನ್ನು ಆಧರಿಸಿ 2013ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಇಂಗ್ಲೀಷು ಬಾರದ ಗಂಡಸರಿಗಿಂತ ಅದನ್ನು ಸರಾಗವಾಗಿ ಆಡಬಲ್ಲವರ ಗಂಟೆಯ ಸಂಪಾದನೆ ಸರಾಸರಿ ನೂರಕ್ಕೆ 34ರಷ್ಟು, ಅಲ್ಪಸ್ವಲ್ಪ ಆಡಬಲ್ಲವರದು ನೂರಕ್ಕೆ 13ರಷ್ಟು ಹೆಚ್ಚೆಂದು ಅದರಲ್ಲಿ ಕಂಡುಬಂತು.

ಇಷ್ಟನ್ನು ಕೇಳಿದೊಡನೆ ಅಡವಿನ ಅಂಗಡಿಗೆ ಓಡುವವರು ಆ ಅಧ್ಯಯನದ ಮುಂದಿನ ಮಾತನ್ನೂ ಕೇಳಬೇಕು. ವಯಸ್ಸಾದ ಕೆಲಸಗಾರರಲ್ಲಿ, ಓದು ಎಷ್ಟೇ ಇರಲಿ, ಇಂಗ್ಲೀಷು ಬಲ್ಲವರಿಗೆ ಲಾಭ ಸಿಕ್ಕಿತ್ತು. ತರುಣರಲ್ಲಾದರೋ ಹೆಚ್ಚು ಓದಿದವರಿಗೆ ಮಾತ್ರ ಆ ಲಾಭ ದೊರೆತಿತ್ತು; ಓದು ಕಡಮೆಯಿದ್ದ ತರುಣನಿಗೆ ಇಂಗ್ಲೀಷಿನಿಂದ ಹೆಚ್ಚಿನ ಕೂಲಿ ಹುಟ್ಟಿರಲಿಲ್ಲ. ಅಂದರೆ ಇಂಗ್ಲೀಷು ಒಗ್ಗರಣೆಯಿದ್ದಂತೆ. ಬೆಂದ ಬೇಳೆಯ ಮೇಲೆ ಬಿದ್ದರೆ ಸಾರಿಗೆ ರುಚಿ ಬರುತ್ತದೆ. ಬರಿಯ ನೀರಿನ ಮೇಲೆ ಹಾಕಿದರೆ ಸದ್ದು ಮಾಡಿ ಸುಮ್ಮನಾಗುತ್ತದೆ. ಬೇಳೆ ಬೇಯಿಸುವುದೆಂದರೆ ಲೆಕ್ಕ, ವಿಜ್ಞಾನ, ಓದಿದುದನ್ನು ಗ್ರಹಿಸುವ ಶಕ್ತಿ, ಕೈಗೊಂದು ಕಸುಬು. ಇವು ಮಗುವಿಗೆ ದಕ್ಕುತ್ತಿವೆಯೇ ಎಂಬುದೇ ನಿಜವಾದ ಪ್ರಶ್ನೆ.

ಹಾಗಾದರೆ ಇಂಗ್ಲೀಷೊಂದೇ ಸಾಕೆಂಬ ನಂಬಿಕೆ ನಮ್ಮಲ್ಲಿ ಹೇಗೆ ಬೇರೂರಿತು? ಅದಕ್ಕೆ ಕಾರಣವಿದೆ. 1835ರಲ್ಲಿ ಮೆಕಾಲೆ ಬರೆದ ಟಿಪ್ಪಣಿಯ ಹೆಸರನ್ನು ಎಲ್ಲರೂ ಕೇಳಿದ್ದಾರೆ. ಆದರೆ ಮನೆಮನೆಯ ತೀರ್ಮಾನವನ್ನು ಬದಲಿಸಿದ್ದು ಅದಕ್ಕಿಂತ 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಹೊರಡಿಸಿದ ನಿರ್ಣಯವೆನ್ನಬೇಕು. ಇಂಗ್ಲೀಷು ಓದಿದವರಿಗೆ ಸರಕಾರಿ ಕೆಲಸಗಳಲ್ಲಿ ಆದ್ಯತೆ ಎಂದು ಅದು ಸಾರಿತು. 1857ರಲ್ಲಿ ಮದರಾಸು ವಿಶ್ವವಿದ್ಯಾಲಯ ಸ್ಥಾಪಿತವಾಯಿತು. 1956ರ ನವೆಂಬರ್ 1ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸಿಗೆ ಸೇರಿದುದಾದ್ದರಿಂದ ಉಡುಪಿ, ಕುಂದಾಪುರ, ಕಾರ್ಕಳ, ಕಾಸರಗೋಡುಗಳ ಹುಡುಗರಿಗೆ ಮದರಾಸು ಪರರಾಜ್ಯವಾಗಿರಲಿಲ್ಲ, ಅದೇ ರಾಜಧಾನಿಯಾಗಿತ್ತು. ಊರಿನಲ್ಲಿ ಕನ್ನಡ ಶಾಲೆಯನ್ನು ಮುಗಿಸಿ, ಪೇಟೆಯಲ್ಲಿ ಇಂಗ್ಲೀಷು ಹೈಸ್ಕೂಲನ್ನು ದಾಟಿದವನು ಇಲ್ಲಿನ ಕಚೇರಿಯಲ್ಲಿ ಗುಮಾಸ್ತನಾದ; ಓದು ಹತ್ತದವನು ಇಲ್ಲಿನ ಹೋಟೆಲಿನಲ್ಲಿ ಲೋಟ ತೊಳೆದ. ಒಂದೇ ಮನೆಯ ಅಣ್ಣ ತಮ್ಮಂದಿರ ನಡುವೆ ಬಿದ್ದ ಈ ಗೆರೆಯನ್ನು ಕಂಡ ನಮ್ಮ ಹಿರಿಯರು, ಗೆರೆ ಎಳೆದುದು ಇಂಗ್ಲೀಷೇ ಎಂದು ತಿಳಿದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅಂದಿನ ಮಾತು ಇಂದಿಗೆ ಹೊಂದುವುದೆ? ಬೀದಿಗೆ ಒಂದೇ ಹೋಟೆಲು ಇದ್ದಾಗ ಬೆಳಗ್ಗೆ ಬಾಗಿಲು ತೆರೆದರೆ ಸಾಕು, ವ್ಯಾಪಾರ ತಾನಾಗಿ ಆಗುತ್ತದೆ. ಅದೇ ಬೀದಿಯಲ್ಲಿ ಹತ್ತು ಹೋಟೆಲು ಎದ್ದ ಮೇಲೆ ಯಾರ ಇಡ್ಲಿ ಮೆತ್ತಗಿದೆ, ಯಾರ ಸಾಂಬಾರು ಬಿಸಿಯಾಗಿದೆ ಎಂದು ಜನ ನೋಡುತ್ತಾರೆ. ಇಂಗ್ಲೀಷು ಬಲ್ಲವರು ಊರಿಗೆ ನಾಲ್ಕು ಮಂದಿ ಇದ್ದಾಗ ಅದೊಂದೇ ಬಂಡವಾಳವಾಗಿ ನಡೆಯಿತು. ಇಂದು ಇಂಗ್ಲೀಷು ಮಾಧ್ಯಮದ ಸರ್ಟಿಫಿಕೇಟು ಬೀದಿಗೆ ನೂರು. 2012–13ರಿಂದ ತಮಿಳುನಾಡಿನ ಸರಕಾರಿ ಶಾಲೆಗಳಲ್ಲಿಯೇ ಇಂಗ್ಲೀಷು ಮಾಧ್ಯಮದ ವಿಭಾಗಗಳು ತೆರೆದುವು; ಕರ್ನಾಟಕ ಸರಕಾರವೂ 2019–20ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಅಂತಹ ವಿಭಾಗಗಳನ್ನು ಆರಂಭಿಸಿತು. ಎಲ್ಲರ ಕೈಯಲ್ಲಿಯೂ ಇರುವ ನಾಣ್ಯದಿಂದ ಯಾರಿಗೂ ವಿಶೇಷ ಮರ್ಯಾದೆ ಸಿಗಲಾರದು.

ಇದಕ್ಕೆ ಎದುರಾಗಿ, "ಓದಿನಿಂದೇನು? ನಮ್ಮ ಹಿರಿಯರು ಓದದೆಯೇ ದೊಡ್ಡವರಾಗಲಿಲ್ಲವೆ?" ಎನ್ನುವವರು ಉಂಟು. ಕಡಂದಲೆಯಿಂದ ಬಂದು ಹೋಟೆಲಿನ ಸಣ್ಣ ಕೆಲಸದಿಂದಲೇ ಮೇಲೇರಿದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸನ್ನು ತೆರೆದು, ಉಡುಪಿ ಊಟಕ್ಕೆ ದೇಶದಾಚೆಗೂ ಹೆಸರು ತಂದುದು ನಿಜ. ಅವರ ಬುದ್ಧಿ, ಶುಚಿ, ಗಿರಾಕಿಯ ಮನಸ್ಸನ್ನು ತಿಳಿಯುವ ಜಾಣ್ಮೆ ಯಾವ ಶಾಲೆಯಲ್ಲಿಯೂ ಮಾರಾಟಕ್ಕೆ ಇಲ್ಲದ ವಸ್ತುಗಳು. ಆದರೆ ಅವರೊಬ್ಬರನ್ನು ತೋರಿಸಿ ಎಲ್ಲರೂ ಶಾಲೆ ಬಿಡಬಹುದೆನ್ನುವುದು ಅವಿವೇಕ. 1962ರಲ್ಲಿ ತೆರೆದ ಅವರ ಡ್ರೈವ್-ಇನ್ ಹೋಟೆಲು 2008ರಲ್ಲಿ ಮುಚ್ಚಿತು. ಅದು ನಡೆದ ಕಾಲವೂ ಮುಗಿಯಿತು. ಇಂದು ಒಂದು ಸಣ್ಣ ಕಾಫಿ ಹೋಟೆಲು ನಡೆಸುವವನೂ 2006ರ ಆಹಾರ ಸುರಕ್ಷಾ ಕಾಯದೆಯ ನೋಂದಣಿಯನ್ನೋ ಲೈಸೆನ್ಸನ್ನೋ ಪಡೆಯಬೇಕು, 2017ರಿಂದ ಬಂದ ಜಿ.ಎಸ್.ಟಿ.ಯ ಲೆಕ್ಕ ಒಪ್ಪಿಸಬೇಕು, ಕಂಪ್ಯೂಟರಿನಲ್ಲಿ ಬಿಲ್ಲು ಹಾಕಬೇಕು, ಮೊಬೈಲಿನಲ್ಲಿ ಬರುವ ಪಾರ್ಸೆಲ್ ಆರ್ಡರುಗಳನ್ನು ನಿಭಾಯಿಸಬೇಕು. ಓದು ಬೇಡವೆನ್ನುವ ಕಾಲ ಹೋಯಿತು. ಎಂತಹ ಓದು ಎಂದು ಕೇಳುವ ಕಾಲ ಬಂದಿದೆ.

ನಾವು ಕಂಡುದನ್ನು ಹೇಳುತ್ತೇವೆ. ಗಲ್ಲಾದ ಕೆಲಸ ಕೇಳಿ ಬಂದ ಪದವೀಧರ ತರುಣರಿಗೆ ನಾವು ಇಡುತ್ತಿದ್ದ ಪರೀಕ್ಷೆ ಬಹಳ ಸಣ್ಣದು. ಒಂದು ಕಾಗದ ಕೊಟ್ಟು, "ನಿನ್ನೆ ಬಂದ ಕಾಫಿಬೀಜದ ಮೂಟೆಯಲ್ಲಿ ಒಂದೂವರೆ ಕಿಲೋ ತೂಕ ಕಡಮೆಯಿದೆ, ಅಷ್ಟು ಹಣವನ್ನು ಬಿಲ್ಲಿನಲ್ಲಿ ಕಳೆಯಿರಿ ಎಂದು ಅಂಗಡಿಯವರಿಗೆ ಇಂಗ್ಲೀಷಿನಲ್ಲಿ ನಾಲ್ಕು ಸಾಲು ಬರೆಯಪ್ಪಾ" ಎನ್ನುತ್ತಿದ್ದೆವು. ಮೊದಲ ತರಗತಿಯಿಂದ ಇಂಗ್ಲೀಷು ಮಾಧ್ಯಮದಲ್ಲಿಯೇ ಓದಿದವರೂ ಪೆನ್ನು ಹಿಡಿದು ಯೋಚಿಸುತ್ತ ಕುಳಿತುದನ್ನು ಎಷ್ಟೋ ಸಲ ಕಂಡೆವು. ಜ್ವರ ಬಂದಿದೆ, ಎರಡು ದಿನ ರಜೆ ಕೊಡಿ ಎಂಬ ಪತ್ರ ಅವರಿಗೆ ಬಾಯಿಪಾಠವಾಗಿತ್ತು; ತೂಕ ಕಡಮೆಯಾದ ಪತ್ರ ಯಾವ ಗೈಡಿನಲ್ಲಿಯೂ ಇರಲಿಲ್ಲ. ಮೂಟೆಯ ಬೆಲೆ ಹೇಳಿ, ಒಂದೂವರೆ ಕಿಲೋಗೆ ಎಷ್ಟಾಯಿತೆಂದು ಕೇಳಿದರೆ ಕೈ ಮೊಬೈಲಿನ ಕಡೆಗೆ ಹೋಗುತ್ತಿತ್ತು. ಇದನ್ನೇ ನಮ್ಮ ಹಿರಿಯರು ಪುಸ್ತಕದ ಬದನೆಕಾಯಿ ಎಂದರು.

ಅದೇ ಹೋಟೆಲಿನಲ್ಲಿ, ಊರಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಬಂದ ಸಪ್ಲೈಯರುಗಳು ವರ್ಷ ತುಂಬುವುದರೊಳಗೆ ತಮಿಳನ್ನು ನೀರು ಕುಡಿದಂತೆ ಆಡುತ್ತಿದ್ದರು; ಉತ್ತರದ ಪ್ರವಾಸಿಗಳೊಡನೆ ಹಿಂದಿ, ಹೊರದೇಶದವರೊಡನೆ ಮುರುಕು ಇಂಗ್ಲೀಷು ಆಡಿ, ಒಂದೇ ಒಂದು ಆರ್ಡರನ್ನೂ ತಪ್ಪದೆ ತರುತ್ತಿದ್ದರು. ಅವರಿಗೆ ಕಲಿಸಿದವರಾರು? ಹಸಿದು ಕುಳಿತ ಗಿರಾಕಿ ಕಲಿಸಿದ. ಎದುರಿಗೊಬ್ಬ ಮನುಷ್ಯ, ಆಡಲೇಬೇಕಾದ ಒಂದು ಮಾತು, ತಪ್ಪಿದರೆ ಒಡನೆ ತಿದ್ದುವ ಅವಕಾಶ, ಈ ಮೂರು ಇದ್ದಲ್ಲಿ ಭಾಷೆ ತಾನಾಗಿ ನಾಲಗೆಗೆ ಬರುತ್ತದೆ. ಅನೇಕ ಇಂಗ್ಲೀಷು ಶಾಲೆಗಳಲ್ಲಿ ಇಲ್ಲದಿರುವುದು ಈ ಮೂರೇ. ಅಲ್ಲಿ ಉಪಾಧ್ಯಾಯರು ಹಲಗೆಯ ಮೇಲೆ ಉತ್ತರವನ್ನು ಬರೆಯುತ್ತಾರೆ, ಮಕ್ಕಳು ನಕಲು ಮಾಡಿ ಉರುಹೊಡೆಯುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಮಗುವಿನ ಪುಸ್ತಕದಲ್ಲಿರುವುದು ತಂದೆಗೆ ತಿಳಿಯದು, ತಾಯಿಗೂ ತಿಳಿಯದು. ಹಾಗಾಗಿ ಶಾಲೆಯ ಶುಲ್ಕದ ಮೇಲೆ ಟ್ಯೂಷನ್ನಿನ ಹಣ ಬೇರೆ.

ನಮ್ಮ ಈ ಮಾತು ಗಲ್ಲಾದಲ್ಲಿ ಕುಳಿತವನ ಊಹೆಯೆಂದು ಯಾರೂ ತಳ್ಳಿಹಾಕಬಾರದು. 2023ರ 'ಅಸರ್' ಸಮೀಕ್ಷೆಯವರು 26 ರಾಜ್ಯಗಳ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವಯಸ್ಸಿನವರನ್ನು ಪರೀಕ್ಷಿಸಿದರು. ಇಂಗ್ಲೀಷಿನ ಸರಳ ವಾಕ್ಯಗಳನ್ನು ಓದಬಲ್ಲವರು ನೂರಕ್ಕೆ 57 ಮಂದಿ. ಹಾಗೆ ಓದಿದವರಲ್ಲಿಯೂ ಅರ್ಥ ಹೇಳಬಲ್ಲವರು ಸುಮಾರು ಮುಕ್ಕಾಲು ಪಾಲು. ಲೆಕ್ಕ ಹಾಕಿದರೆ, ಓದಿ ಅರ್ಥಮಾಡಿಕೊಂಡವರು ನೂರರಲ್ಲಿ 42 ಮಂದಿ ಮಾತ್ರ. ಇದಕ್ಕಿಂತಲೂ ಚಿಂತೆಗೆ ಎಡೆಗೊಡುವ ಇನ್ನೊಂದು ಅಂಕಿಯಿದೆ: ಆ ವಯಸ್ಸಿನವರಲ್ಲಿ ಕಾಲು ಭಾಗದಷ್ಟು ಮಂದಿ ತಮ್ಮ ಪ್ರಾದೇಶಿಕ ಭಾಷೆಯಲ್ಲಿಯೇ ಎರಡನೆಯ ತರಗತಿಯ ಪಾಠವನ್ನು ತಡೆಯಿಲ್ಲದೆ ಓದಲಾರರು. ತನ್ನ ಭಾಷೆಯಲ್ಲಿ ಓದು ಹತ್ತದ ಮಗುವಿಗೆ ಪರಭಾಷೆಯಲ್ಲಿ ವಿಜ್ಞಾನವನ್ನು ತುಂಬಿಸುತ್ತೇವೆನ್ನುವುದು ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆಯೇ ಸರಿ.

ಈ ಪೇಚು ಭಾರತದ್ದೊಂದೇ ಅಲ್ಲ. ನೆರೆಯ ಚೀನದ ಕಥೆಯನ್ನು ನೋಡೋಣ. ಅಲ್ಲಿ ಇಂಗ್ಲೀಷರ ಆಳಿಕೆ ನಮ್ಮಲ್ಲಿದ್ದಂತೆ ಇರಲಿಲ್ಲ. ಮಕ್ಕಳು ಲೆಕ್ಕ, ವಿಜ್ಞಾನಗಳನ್ನು ಚೀನೀ ಭಾಷೆಯಲ್ಲಿಯೇ ಕಲಿಯುತ್ತಾರೆ. ಆದರೂ ವ್ಯಾಪಾರಕ್ಕೂ ಉದ್ಯೋಗಕ್ಕೂ ಇಂಗ್ಲೀಷು ಬೇಕೆಂದು ಆ ಸರಕಾರ 1987ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ರಾಷ್ಟ್ರೀಯ ಇಂಗ್ಲೀಷು ಪರೀಕ್ಷೆಯನ್ನು ಆರಂಭಿಸಿತು. 2001ರಲ್ಲಿ ಮೂರನೆಯ ತರಗತಿಯಿಂದಲೇ ಇಂಗ್ಲೀಷು ಪಾಠವನ್ನು ತರುವ ಕ್ರಮ ಕೈಗೊಂಡಿತು. ಅನೇಕ ವಿಶ್ವವಿದ್ಯಾಲಯಗಳು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗದವರಿಗೆ ಪದವಿಯನ್ನೇ ಕೊಡುತ್ತಿರಲಿಲ್ಲ. ಕೆಲಸ ಕೊಡುವವರೂ ಅದರ ಅಂಕವನ್ನು ಕೇಳುತ್ತಿದ್ದರು. ಫಲವೇನಾಯಿತು? ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದವರೂ ಎದುರಿಗೆ ಬಂದ ಪರದೇಶಿಯೊಡನೆ ನಾಲ್ಕು ಮಾತು ಆಡಲಾರದವರಾದರು. ಇದಕ್ಕೆ ಚೀನೀಯರೇ 'ಮೂಗ ಇಂಗ್ಲೀಷು' ಎಂದು ಹೆಸರಿಟ್ಟರು. ಟ್ಯೂಷನ್ ವ್ಯಾಪಾರ ಬೆಳೆದು ತಂದೆತಾಯಿಗಳ ಬೆನ್ನು ಮುರಿಯತೊಡಗಲು, 2021ರ ಜುಲೈಯಲ್ಲಿ ಸರಕಾರವು ಇಂಗ್ಲೀಷೂ ಸೇರಿದಂತೆ ಶಾಲೆಯ ಮುಖ್ಯ ವಿಷಯಗಳಲ್ಲಿ ಲಾಭಕ್ಕಾಗಿ ನಡೆಸುವ ಟ್ಯೂಷನ್ನುಗಳನ್ನು ತಡೆಯಿತು. 2023ರಲ್ಲಿ ಷಿಆನ್ ನಗರದ ಜಿಯಾವೊತೊಂಗ್ ವಿಶ್ವವಿದ್ಯಾಲಯವು ಪದವಿಗೂ ಆ ಇಂಗ್ಲೀಷು ಪರೀಕ್ಷೆಗೂ ಇದ್ದ ಗಂಟನ್ನೇ ಬಿಚ್ಚಿತು.

ಚೀನದಿಂದ ನಾವು ಕಲಿಯಬೇಕಾದ ಪಾಠ ಎರಡು. ಪರೀಕ್ಷೆಗೆಂದು ಕಲಿತ ಭಾಷೆ ಪರೀಕ್ಷೆಯೊಡನೆಯೇ ಮುಗಿಯುತ್ತದೆ ಎಂಬುದು ಒಂದು. ತನ್ನ ಭಾಷೆಯಲ್ಲಿ ವಿದ್ಯೆ ಕಲಿತ ಜನ ಕಾರ್ಖಾನೆ ಕಟ್ಟಲಾರರು, ಜಗತ್ತಿಗೆ ಸರಕು ಮಾರಲಾರರು ಎಂಬ ಮಾತು ಸುಳ್ಳು ಎಂಬುದು ಇನ್ನೊಂದು. ಮೂಗ ಇಂಗ್ಲೀಷಿನ ಆ ದೇಶದ ಸಾಮಾನುಗಳು ನಮ್ಮ ಹೋಟೆಲಿನ ಅಡಿಗೆಮನೆಯವರೆಗೂ ಬಂದಿವೆಯಷ್ಟೆ.

ಇನ್ನು ಚೆನ್ನೈಯಲ್ಲಿರುವ ನಮಗೆ ವಿಶೇಷವಾಗಿ ಅನ್ವಯಿಸುವ ಒಂದು ವಿಚಾರ. ಇಂಗ್ಲೀಷಿನ ಹಿಂದೆ ಓಡುವ ಭರದಲ್ಲಿ ನಮ್ಮ ಕೆಲವು ಬಂಧುಗಳು ಮಕ್ಕಳಿಗೆ ತಮಿಳಿನ ಓದು ಬರಹವನ್ನು ಸರಿಯಾಗಿ ಕಲಿಸುವುದಿಲ್ಲ. ಬೀದಿಯ ಮಾತು ಬಂದರೆ ಸಾಕೆನ್ನುತ್ತಾರೆ. ಇದು ದೊಡ್ಡ ನಷ್ಟಕ್ಕೆ ದಾರಿ. ತಮಿಳುನಾಡು ಸರಕಾರದ 2021ರ ಡಿಸೆಂಬರಿನ ಆದೇಶದ ಪ್ರಕಾರ ರಾಜ್ಯ ಲೋಕಸೇವಾ ಆಯೋಗದ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆ ಕಡ್ಡಾಯ. ಅದರಲ್ಲಿ ನೂರಕ್ಕೆ 40 ಅಂಕ ಬಾರದವನು ಉಳಿದುದರಲ್ಲಿ ಎಷ್ಟೇ ಜಾಣನಾದರೂ ಹೊರಗೆ. ಸರಕಾರಿ ಬ್ಯಾಂಕುಗಳ ಗುಮಾಸ್ತೆಯ ಕೆಲಸಕ್ಕೂ ಆಯಾ ರಾಜ್ಯದ ಭಾಷೆಯನ್ನು ಬಲ್ಲವನಾಗಿರಬೇಕೆಂಬ ನಿಯಮವಿದೆ. ಆ ಪರೀಕ್ಷೆಯನ್ನು 13 ಪ್ರಾದೇಶಿಕ ಭಾಷೆಗಳಲ್ಲಿಯೂ ನಡೆಸಬೇಕೆಂದು 2021ರ ಸೆಪ್ಟೆಂಬರಿನಲ್ಲಿ ಕೇಂದ್ರದ ಹಣಕಾಸು ಇಲಾಖೆ ತೀರ್ಮಾನಿಸಿತು. ಅವುಗಳಲ್ಲಿ ಕನ್ನಡವೂ ಇದೆ, ತಮಿಳೂ ಇದೆ. ಕೆನರಾ ಬ್ಯಾಂಕು 1906ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ಹುಟ್ಟಿದುದು. ಅಂತಹ ಬ್ಯಾಂಕಿನ ಚೆನ್ನೈ ಶಾಖೆಯಲ್ಲಿ ಗುಮಾಸ್ತನಾಗಲು ಇಂದು ನಮ್ಮ ಹುಡುಗನಿಗೆ ಇಂಗ್ಲೀಷಿನಷ್ಟೇ ತಮಿಳೂ ಬೇಕು. ಗುಮಾಸ್ತೆಯ ಬಾಗಿಲಿಗೆ ಇಂಗ್ಲೀಷೊಂದೇ ಬೀಗದಕೈ ಎಂದು ನಂಬಿದವರು ಇದನ್ನು ಗಮನಿಸಬೇಕು.

ಹಾಗೆಂದು ಕನ್ನಡವನ್ನು ಬಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. 1956ರಲ್ಲಿ ರಾಜ್ಯಗಳು ಹೊಸದಾಗಿ ವಿಂಗಡಿಸಲ್ಪಟ್ಟಾಗ ಸೇರಿಸಿದ ವಿಧಿಯದು. ತಮಿಳುನಾಡಿನ 2006ರ ತಮಿಳು ಕಲಿಕೆಯ ಕಾಯದೆಯಿಂದಾಗಿ ಅಲ್ಪಸಂಖ್ಯಾತ ಭಾಷೆಗಳ ಶಾಲೆಗಳವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ವರ್ಷದ ಹತ್ತನೆಯ ತರಗತಿಯ ಪರೀಕ್ಷೆಗೆ ವಿನಾಯಿತಿಯನ್ನೂ ಕೊಟ್ಟಿತು. ಹಕ್ಕು ಹಕ್ಕೇ, ಅದನ್ನು ಕಾಯಬೇಕು. ಆದರೆ ಹಕ್ಕನ್ನು ಕೋರ್ಟಿನಲ್ಲಿ ಗೆದ್ದು ಮನೆಯಲ್ಲಿ ಸೋತರೆ ಏನು ಬಂತು? ಮಗು ಕನ್ನಡದ ಪತ್ರಿಕೆಯೊಂದನ್ನು ಓದಿ ಅರ್ಥ ಹೇಳಬಲ್ಲುದಾದರೆ ಗ್ರಹಿಸುವುದೆಂದರೇನೆಂದು ಅದಕ್ಕೆ ತಿಳಿದಂತಾಯಿತು. ಆ ಗ್ರಹಣಶಕ್ತಿಯೇ ತಮಿಳಿಗೂ ಇಂಗ್ಲೀಷಿಗೂ ಬುನಾದಿ.

ಗುಮಾಸ್ತ ಬಂಧುಗಳಿಗೆ ಇನ್ನೊಂದು ಮಾತು. ಇಂಗ್ಲೀಷಿನಲ್ಲಿ ಪತ್ರ ಬರೆಯುವುದು, ಬಂದ ಪತ್ರದ ಸಾರಾಂಶ ತೆಗೆಯುವುದು, ಕನ್ನಡದಿಂದ ಇಂಗ್ಲೀಷಿಗೆ ತಿರುಗಿಸುವುದು, ಇವನ್ನು 2022ರ ಕೊನೆಯಿಂದೀಚೆಗೆ ಎಲ್ಲರ ಕೈಗೂ ಬಂದ ಕಂಪ್ಯೂಟರು ಯಂತ್ರಗಳು ಕ್ಷಣಮಾತ್ರದಲ್ಲಿ ಮಾಡಿಕೊಡುತ್ತಿವೆ. ಯಂತ್ರ ಬರೆದ ಪತ್ರದಲ್ಲಿ ಮೂಟೆಯ ಲೆಕ್ಕ ಸರಿಯಿದೆಯೆ, ಹೇಳಬಾರದ ಮಾತು ಸೇರಿದೆಯೆ, ಗಿರಾಕಿಯ ಮನಸ್ಸು ನೊಂದೀತೆ ಎಂದು ನೋಡುವವನು ಮನುಷ್ಯನೇ ಆಗಬೇಕು. ಇನ್ನು ಮುಂದೆ ಸಂಬಳ ಹುಟ್ಟುವುದು ಆ ವಿವೇಚನೆಗೆ. ಅರ್ಥ ತಿಳಿಯದೆ ಉರುಹೊಡೆದ ಇಂಗ್ಲೀಷು ಯಂತ್ರದ ಎದುರು ಒಂದು ದಿನವೂ ನಿಲ್ಲಲಾರದು.

"ಇವರು ಮಾಲಿಕರ ಪಂಗಡದವರು, ಸಪ್ಲೈಯರನ ಮಗ ಸಪ್ಲೈಯರನಾಗಿಯೇ ಇರಲೆಂಬುದು ಇವರ ಒಳಆಸೆ" ಎಂದು ಕೆಲವರು ಹೇಳಿಯಾರು. ಈ ಸಂಶಯ ಅಸಹಜವಲ್ಲ. ಉಳ್ಳವರು ಇಲ್ಲದವರಿಗೆ ತೃಪ್ತಿಯ ಪಾಠ ಹೇಳಿದುದನ್ನು ಲೋಕ ಕಂಡಿದೆ. ಅದಕ್ಕೆ ನಮ್ಮ ಉತ್ತರವಿಷ್ಟೆ. ಸಪ್ಲೈಯರನ ಮಗ ಬ್ಯಾಂಕಿನ ಮ್ಯಾನೇಜರನಾಗಲಿ, ಎಂಜಿನಿಯರನಾಗಲಿ, 1963ರಲ್ಲಿ ಸ್ಥಾಪಿತವಾದ, ತರಮಣಿಯಲ್ಲಿರುವ ಕೇಂದ್ರ ಸರಕಾರದ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲಿ ಓದಿ ತಂದೆ ತಟ್ಟೆ ಎತ್ತಿದ ಹೋಟೆಲಿಗಿಂತ ದೊಡ್ಡ ಹೋಟೆಲನ್ನು ಆಳಲಿ. ಅದಕ್ಕಾಗಿಯೇ ನಾವು ಹೇಳುತ್ತಿರುವುದು. ಸಾಲದ ಹಣ ಕಟ್ಟಡಕ್ಕೂ ಟೈಗೂ ಬೂಟಿಗೂ ಹೋಗಿ, ಹತ್ತು ವರ್ಷದ ಮೇಲೆ ಮಗು ಎರಡು ಭಾಷೆಯಲ್ಲಿಯೂ ಅರೆಬರೆಯಾಗಿ ಹೊರಬಂದರೆ, ಅವನು ಮತ್ತೆ ಬಂದು ನಿಲ್ಲುವುದು ನಮ್ಮಂತಹವರ ಗಲ್ಲಾದ ಮುಂದೆಯೇ. ಶಾಲೆ ನಡೆಸುವವರಿಗೆ ನಷ್ಟವಿಲ್ಲ, ಮಾಲಿಕರಿಗೆ ನಷ್ಟವಿಲ್ಲ. ನಷ್ಟವಾಗುವುದು ಬಳೆ ಅಡವಿಟ್ಟ ತಾಯಿಗೆ.

ಆದುದರಿಂದ ತಂದೆತಾಯಿಗಳು ಶಾಲೆಯ ಬೋರ್ಡನ್ನು ನೋಡುವುದಕ್ಕೆ ಮೊದಲು ಕೆಲವು ವಿಚಾರಗಳನ್ನು ನೋಡಲಿ. ಮಗು ತಾನು ಓದಿದ ಪಾಠವನ್ನು ಮನೆಯ ಮಾತಿನಲ್ಲಿ ತಿರುಗಿ ಹೇಳಬಲ್ಲುದೆ? ಅಂಗಡಿಯ ಚೀಟಿಯ ಲೆಕ್ಕವನ್ನು ಕೂಡಬಲ್ಲುದೆ? ತರಗತಿಯಲ್ಲಿ ಮಕ್ಕಳು ಬಾಯಿ ತೆರೆದು ಮಾತಾಡಲು ಎಡೆಯಿದೆಯೆ, ಅಥವಾ ಕೈಕಟ್ಟಿ ಕುಳಿತಿರಬೇಕೆ? ಶುಲ್ಕವಿಲ್ಲದ ಸರಕಾರಿ ಶಾಲೆಯ ಇಂಗ್ಲೀಷು ವಿಭಾಗ ಹತ್ತಿರದಲ್ಲಿಯೇ ಇದ್ದು ಅಲ್ಲಿ ಉಪಾಧ್ಯಾಯರು ಚೆನ್ನಾಗಿದ್ದರೆ, ಸಾಲ ಮಾಡಿ ದೂರದ ಶಾಲೆಗೆ ಏಕೆ ಕಳುಹಿಸಬೇಕು? ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಗಾದೆ ಶಾಲೆಯ ವಿಷಯದಲ್ಲಿಯೂ ಸುಳ್ಳಲ್ಲ. ಉಳಿದ ಹಣ ಮುಂದೆ ಪಾಲಿಟೆಕ್ನಿಕ್ಕಿಗೋ ಕಾಲೇಜಿಗೋ ಬೇಕಾದೀತು.

ಆದರೆ ತಂದೆತಾಯಿಗಳಿಗೆ ಬುದ್ಧಿ ಹೇಳಿ ಕೈತೊಳೆದುಕೊಂಡರೆ ಸಮಾಜದ ಕರ್ತವ್ಯ ಮುಗಿಯಲಿಲ್ಲ. ಮುಂಬಯಿಯ ನಮ್ಮ ಬಂಧುಗಳನ್ನು ನೋಡಿರಿ. ಹಗಲು ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರಿಗಾಗಿ ಮೊಗವೀರ, ಬಿಲ್ಲವ ಮೊದಲಾದ ಸಮಾಜಗಳ ಸಂಘಗಳು ಅಲ್ಲಿ ರಾತ್ರಿ ಶಾಲೆಗಳನ್ನು ನಡೆಸಿದುವು. ಲೋಟ ತೊಳೆದ ಕೈಯಿಂದಲೇ ಪಾಟಿ ಹಿಡಿದು, ಕನ್ನಡದಲ್ಲಿ ವಿಷಯಗಳನ್ನು ಅರಿತು, ಇಂಗ್ಲೀಷನ್ನು ಒಂದು ಭಾಷೆಯಾಗಿ ಕಲಿತು, ಆ ಹುಡುಗರು ಹತ್ತನೆಯ ತರಗತಿ ದಾಟಿದರು. ಮುಂದೆ ಬ್ಯಾಂಕಿನ ಅಧಿಕಾರಿಗಳೂ ವಕೀಲರೂ ಉದ್ಯಮಿಗಳೂ ಆದವರು ಅವರಲ್ಲಿ ಉಂಟು. ಇಂದು ಆ ಶಾಲೆಗಳಲ್ಲಿ ಅನೇಕವು ಮುಚ್ಚಿವೆ. ಆದರೂ ಅವು ತೋರಿಸಿದ ದಾರಿ ಮುಚ್ಚಿಲ್ಲ.

ಚೆನ್ನೈಯಲ್ಲಿ ಅಂತಹುದೊಂದನ್ನು ಮಾಡಲು ನಮಗೆ ಬೇಕಾದುದೆಲ್ಲವೂ ಇದೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಆರಂಭವಾಗುವ ನಡುವೆ ಹೋಟೆಲುಗಳಲ್ಲಿ ಬಿಡುವಿನ ವೇಳೆಯಿದೆ. ಮಾಲಿಕರು ಆ ವೇಳೆಯಲ್ಲಿ ಓದಬಯಸುವ ಕೆಲಸಗಾರನಿಗೆ ದಿನಕ್ಕೆ ಒಂದು ಗಂಟೆಯನ್ನು ಸಂಬಳ ಕಡಿಯದೆ ಬಿಟ್ಟುಕೊಡಲಿ, ಅವನು ಕುಳಿತು ಕಲಿಯಲು ಊಟದ ಹಾಲಿನ ಒಂದು ಮೂಲೆಯನ್ನು ಕೊಡಲಿ. ನಿವೃತ್ತರಾದ ಬ್ಯಾಂಕು, ಕಚೇರಿಗಳ ಗುಮಾಸ್ತರು ಉಪಾಧ್ಯಾಯರಾಗಲಿ. ಕೆಲಸದಲ್ಲಿರುವವರು ಭಾನುವಾರ ಒಂದು ಗಂಟೆ ಬರಲಿ. ನಮ್ಮ ಸಂಘಗಳು ವರ್ಷಕ್ಕೊಂದು ನಾಟಕ, ಒಂದು ರಾಜ್ಯೋತ್ಸವ ಮಾಡಿ ಬಾಗಿಲು ಹಾಕುವ ಬದಲು ಕೆಲಸಗಾರರ ಮಕ್ಕಳಿಗಾಗಿ ಸಂಜೆಯ ಹೊತ್ತು ದೀಪ ಹಚ್ಚಿ ಬಾಗಿಲು ತೆರೆಯಲಿ. ಅಲ್ಲಿ ಕಲಿಸಬೇಕಾದುದು ವ್ಯಾಕರಣದ ಸೂತ್ರಗಳನ್ನಲ್ಲ. ಗಿರಾಕಿಯ ದೂರಿಗೆ ಉತ್ತರ ಹೇಳುವುದು, ಫೋನಿನಲ್ಲಿ ಆರ್ಡರು ಬರೆದುಕೊಳ್ಳುವುದು, ತೂಕ ಕಡಮೆಯಾದ ಪತ್ರ, ಕೆಲಸದ ಅರ್ಜಿ, ಬ್ಯಾಂಕಿನ ಫಾರಮು, ಜಿ.ಎಸ್.ಟಿ.ಯ ಬಿಲ್ಲು, ಇಷ್ಟನ್ನು ಬಾಯಿ ತೆರೆಸಿ ಕಲಿಸಿದರೆ ಸಾಕು. ಅದರ ಜೊತೆಗೆ ತಮಿಳಿನ ಓದು ಬರಹ, ಮಕ್ಕಳಿಗೆ ಕನ್ನಡದ ಅಕ್ಷರ.

ಓದನ್ನು ಅರ್ಧಕ್ಕೆ ಬಿಟ್ಟು ಊರಿನಿಂದ ಬಂದವರು ಕೆಲಸ ಮಾಡುತ್ತಲೇ ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡಲು 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲೆಯ ಮಾರ್ಗವಿದೆ. ಕಾಲೇಜಿನಲ್ಲಿ ಓದುತ್ತಿರುವ ಮಕ್ಕಳಿಗೆ ತಮಿಳುನಾಡು ಸರಕಾರವು 2022ರ ಮಾರ್ಚಿಯಲ್ಲಿ ಆರಂಭಿಸಿದ 'ನಾನ್ ಮುದಲ್ವನ್' ಯೋಜನೆಯಲ್ಲಿ ಉದ್ಯೋಗಕ್ಕ ಬೇಕಾದ ಕೌಶಲಗಳ ತರಬೇತಿ ದೊರೆಯುತ್ತದೆ. ನಮ್ಮ ಬಂಧುಗಳಲ್ಲಿ ಎಷ್ಟು ಮಂದಿ ಇವುಗಳ ಹೆಸರನ್ನು ಕೇಳಿದ್ದಾರೆ? ಅರ್ಜಿ ತುಂಬಲು ಗೊತ್ತಿಲ್ಲವೆಂಬ ಒಂದೇ ಕಾರಣದಿಂದ ಕೈತಪ್ಪುವ ಸೌಕರ್ಯಗಳು ಹಲವು. ಗುಮಾಸ್ತ ಬಂಧುಗಳು ತಮ್ಮ ಹೋಟೆಲಿನ ಬಂಧುಗಳಿಗೆ ಮಾಡಬಹುದಾದ ಮೊದಲ ಉಪಕಾರ ಇದೇ ಆಗಲಿ.

ಇಂಗ್ಲೀಷು ಏಣಿ ಎಂಬುದನ್ನು ನಾವು ಒಪ್ಪುತ್ತೇವೆ. ಏಣಿಯನ್ನು ಗಟ್ಟಿ ನೆಲದ ಮೇಲೆ ಊರಬೇಕು. ಒರಗಿಸಲು ಗೋಡೆಯೂ ಬೇಕು. ಕನ್ನಡದಲ್ಲಿ ಕುದುರಿದ ತಿಳಿವಳಿಕೆ ಆ ನೆಲ, ಬಾಳುವ ಊರಿನ ತಮಿಳು ಆ ಗೋಡೆ. ಮೇಲೇರಿದವನ ಕೈಯಲ್ಲಿ ಒಂದು ಕಸುಬು ಇರಬೇಕು. ಇಲ್ಲವಾದರೆ ಏರಿ ಮಾಡುವುದೇನು? ಬರುವ ವರ್ಷ ಶಾಲೆ ತೆರೆಯುವ ಹೊತ್ತಿಗೆ ನಮ್ಮ ಹತ್ತು ಹೋಟೆಲುಗಳಲ್ಲಾದರೂ ಮಧ್ಯಾಹ್ನದ ತರಗತಿ ನಡೆಯುವಂತಾಗಲಿ ಎಂದು ಮಾಲಿಕರಲ್ಲಿಯೂ ಸಂಘಗಳ ಹಿರಿಯರಲ್ಲಿಯೂ ನಮ್ಮ ಬಿನ್ನಹ. ಒಂದು ಗಂಟೆಯ ಬಿಡುವನ್ನು ಕೊಡಲು ಮುಂದೆ ಬರುವವರು ಪತ್ರಿಕೆಯ ಕಚೇರಿಗೆ ತಿಳಿಸಿದರೆ ಕಲಿಸುವವರನ್ನು ಹುಡುಕಿಕೊಡುವ ಭಾರ ನಮ್ಮದು.